ಇಲಿಗೂ ಉಬ್ಬಸ!

"ಇಲಿಗೆ ಔಷಧಿನಾ? ಪಾಷಾಣ ಇಡೋದು ಬಿಟ್ಟು!" ಅಂತ ನಕ್ಕರು ಪಕ್ಕದ ಮನೆಯವರು.

ನಮ್ಮ ಬಿಳಿ ಇಲಿ ಚಿನ್ನುಗೆ ಆರು ತಿಂಗಳಿಂದ ಉಬ್ಬಸ. ಮೂಗಿನ ಸುತ್ತ ಕೆಂಪಗಾದಾಗ ರಕ್ತ ಅಂತ ಗಾಬರಿಯಾಗಿದ್ದೆ. ಅದು ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವವಂತೆ. ರೋಗಕ್ಕೆ ಕಾರಣ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ. ಡಾಕ್ಟರು ಕೊಟ್ಟ ಡಾಕ್ಸಿಸೈಕ್ಲಿನ್‌ನಿಂದ ಹತೋಟಿಗೆ ಬಂತು, ಪೂರ್ತಿ ಹೋಗಲ್ಲ.

ನನ್ನ ಪ್ರಕಾರ ಪಂಜರದ ಕಾಗದ ಬದಲಿಸೋದೂ ಔಷಧಿಯಷ್ಟೇ ಮುಖ್ಯ. ಉಚ್ಚೆಯಿಂದ ಏಳುವ ಅಮೋನಿಯಾ ಉಬ್ಬಸ ಹೆಚ್ಚಿಸುತ್ತೆ. ನಮ್ಮ ಮೂಗಿಗೆ ನಾತ ಬರೋವರೆಗೂ ಕಾಯಬಾರದು. ಹೊಗೆಯೂ ಆಗಲ್ಲ ಅಂತ ಗಣಪತಿ ಮುಂದೆ ಊದುಬತ್ತಿ ಹಚ್ಚೋದು ನಿಲ್ಲಿಸಿದ್ದೀನಿ. ಅವನ ವಾಹನಕ್ಕೋಸ್ಕರ ತಾನೇ, ಬೇಜಾರು ಮಾಡ್ಕೊಳ್ಳಲ್ಲ ಬಿಡಿ :)

ಇಲಿ ಬದುಕೋದೇ 2-3 ವರ್ಷ. ವಾಸಿಯಾಗದಿದ್ರೂ ಇರೋ ಅಷ್ಟು ದಿನ ಉಸಿರು ಸಲೀಸಾದ್ರೆ ಸಾಲದೇ? ನೀವೇನಂತೀರಿ?