ತಾಳಿ ಕಟ್ಟಿಸುವವನ ಕೈಗೆ ಮೈಕು ಕೊಡಿ!

ದೊಡ್ಡಆಲಹಳ್ಳಿ ಕಡೆ ಈಗ ಮದುವೆ ಅಂದರೆ ಜಾತ್ರೆ. ಇದು ಬೈಗುಳವಲ್ಲ, ಎಲ್ಲರೂ ಕಂಡ ಮಾತು. ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಲಗ್ನದ ತಿಂಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಬಾಳೆಕಂದು, ಸೀರಿಯಲ್ ಸೆಟ್ಟು, ಗಂಡು-ಹೆಣ್ಣಿನ ಆಳೆತ್ತರದ ಫ್ಲೆಕ್ಸು, ತಮಟೆಯವರ ಜೊತೆ ಜಿದ್ದಿಗೆ ಬಿದ್ದ ಡಿ.ಜೆ. ಪೆಟ್ಟಿಗೆಗಳು. ಗಂಟುಮೋರೆ ಹಾಕಿಕೊಂಡು ಕೂತವರು ಯಾರೂ ಇಲ್ಲ. ಬಂದವರು ನಗುತ್ತಾರೆ, ಕುಣಿಯುತ್ತಾರೆ, ಉಣ್ಣುತ್ತಾರೆ, ಮುಯ್ಯಿ ಕೊಟ್ಟು ಬಸ್ಸು ಹಿಡಿಯುತ್ತಾರೆ.

ಆಗಲಿ. ಮದುವೆಯಲ್ಲಿ ನಗದೆ ಇನ್ನೆಲ್ಲಿ ನಗಬೇಕು? ಕಬ್ಬಾಳಮ್ಮನ ಜಾತ್ರೆಗೆ ಮನೆಮಂದಿಯೆಲ್ಲ ಹೊರಡುವ ಈ ಸೀಮೆಯ ಜನಕ್ಕೆ ಮದುವೆಯೂ ಒಂದು ಹಬ್ಬವೇ. ತಕರಾರು ಹಬ್ಬದ ಮೇಲಲ್ಲ. ಈ ಹಬ್ಬದ ನಡುವೆ ಒಬ್ಬ ಮನುಷ್ಯ ಕಳೆದುಹೋಗುತ್ತಿದ್ದಾನಲ್ಲ, ಅವನ ಬಗ್ಗೆ. ಅವನೇ ಮದುವೆ ನಡೆಸಿಕೊಡುವವನು. ಅವನು ಪುರೋಹಿತ ಆಗಿರಬಹುದು, ಕುಲದ ಯಜಮಾನ ಆಗಿರಬಹುದು, ಮಂತ್ರ ಮಾಂಗಲ್ಯದ ಪುಸ್ತಕ ಹಿಡಿದು ನಿಂತ ರಿಟೈರ್ಡ್ ಮೇಷ್ಟ್ರು ಆಗಿರಬಹುದು. ಮೂವರ ಪಾಡೂ ಒಂದೇ.

ತಾಳಿ ಎರಡು ಸಲ!

ಒಂಬತ್ತಕ್ಕೆ ಮುಹೂರ್ತ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರೇ ಹತ್ತಾದರೂ ಹೆಣ್ಣನ್ನು ಅಲಂಕಾರದ ಕೋಣೆಯಿಂದ ಬಿಡುವುದಿಲ್ಲ. ಬಿಟ್ಟ ಮೇಲೆ ಫೋಟೋದವನ ದರ್ಬಾರು ಶುರು. ‘ಸ್ವಾಮೇರ, ಒಸಿ ಪಕ್ಕಕ್ಕೆ ಬನ್ನಿ’ ಅಂತ ಮದುವೆ ಮಾಡಿಸುವವರ ಹೆಗಲು ಹಿಡಿದು ಸರಿಸುತ್ತಾನೆ. ತಾಳಿ ಒಂದು ಸಲ ಕಟ್ಟಿದರೆ ಸಾಲದು, ಕ್ಯಾಮರಾ ಸಲುವಾಗಿ ಇನ್ನೊಂದು ಸಲ ಕಟ್ಟುವ ಹಾಗೆ ನಟಿಸಬೇಕು! ಅಷ್ಟರಲ್ಲಿ ಯಾರಾದರೂ ಪುಢಾರಿ ಹಿಂಬಾಲಕರ ಸಮೇತ ಬಂದರೋ, ಮುಗಿಯಿತು. ಇಡೀ ಸಭೆ ಎದ್ದು ಅತ್ತ ತಿರುಗುತ್ತದೆ. ಹಾರ ಅವರಿಗೆ, ಮೈಕು ಅವರಿಗೆ, ಆಶೀರ್ವಚನದ ಹೆಸರಲ್ಲಿ ಭಾಷಣವೂ ಅವರದೇ. ಪ್ರಮಾಣ ಓದಿಸುತ್ತಿದ್ದ ಮೇಷ್ಟ್ರು ಪುಟದ ನಡುವೆ ಬೆರಳಿಟ್ಟುಕೊಂಡು ಕಾಯುತ್ತಾರೆ. ಊಟದ ಮನೆಯಲ್ಲಿ ಎಲೆ ಹಾಕಿದರು ಅಂತ ಕೂಗು ಬಿದ್ದರೆ ಕಾಯುವವರೂ ಉಳಿಯುವುದಿಲ್ಲ.

ಹುಡುಗ-ಹುಡುಗಿ ಏನು ಮಾತು ಕೊಟ್ಟರು, ಯಾರ ಮುಂದೆ ಕೊಟ್ಟರು ಎಂದು ಆಮೇಲೆ ಕೇಳಿದರೆ, ಬಂದ ಜನದಲ್ಲಿ ಹತ್ತು ಮಂದಿಗೂ ಗೊತ್ತಿರುವುದಿಲ್ಲ. ಹೋಳಿಗೆ ಹೇಗಿತ್ತು ಅಂದರೆ ಎಲ್ಲರಿಗೂ ಗೊತ್ತು.

ಹಿಂದೆ ಹೀಗಿತ್ತೆ?

ಹಿಂದೆಯೂ ಮದುವೆ ಗದ್ದಲದ್ದೇ. ಮನೆ ಮುಂದೆ ಚಪ್ಪರ, ಊರವರೆಲ್ಲ ಸೇರಿ ಸೌದೆ ಒಡೆದು, ಅಕ್ಕಿ ಆರಿಸಿ, ಹಸೆ ಬರೆದು ಮಾಡುತ್ತಿದ್ದ ಕೆಲಸ. ಎಷ್ಟೋ ಜಾತಿಗಳಲ್ಲಿ ಕುಲದ ಹಿರಿಯರೇ ಮುಂದೆ ನಿಂತು ಧಾರೆ ಎರೆಸುತ್ತಿದ್ದರು. ಹೆಂಗಸರು ಸೋಬಾನೆ ಹೇಳುತ್ತಿದ್ದರು. ಆದರೆ ಒಂದು ವ್ಯತ್ಯಾಸ ಉಂಟು. ಧಾರೆಯ ಹೊತ್ತಿಗೆ ಚಪ್ಪರದಡಿ ಇದ್ದ ಅಷ್ಟೂ ಜನ ಸಾಕ್ಷಿ. ನಾಳೆ ಗಂಡ ಹೊಡೆದರೆ, ಹೆಂಡತಿಯನ್ನು ತವರಿಗೆ ಅಟ್ಟಿದರೆ, ‘ಅವತ್ತು ನಮ್ಮೆಲ್ಲರ ಮುಂದೆ ಕೈ ಹಿಡಿದೆಯಲ್ಲಪ್ಪ’ ಎಂದು ಕೇಳುವ ಹಕ್ಕು ಊರಿಗೆ ಇತ್ತು. ಆ ಕಾಲದಲ್ಲಿ ಹೆಣ್ಣಿಗೆ ಎಲ್ಲ ನ್ಯಾಯವೂ ಸಿಕ್ಕಿತು ಅಂತಲ್ಲ. ಅವಳ ಒಪ್ಪಿಗೆ ಕೇಳಿದವರೇ ಕಮ್ಮಿ. ಆದರೂ ಸಾಕ್ಷಿಗೆ ಬೆಲೆ ಇತ್ತು.

ಆ ಕೊರತೆಯನ್ನೇ ಕುವೆಂಪು ತುಂಬಿದ್ದು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ಕ್ರಮದಲ್ಲಿ ಮಾಡಿ ತೋರಿಸಿದರು. ಪುರೋಹಿತರ ಹಂಗಿಲ್ಲ, ವರದಕ್ಷಿಣೆ ಇಲ್ಲ, ರಾಹುಕಾಲ ಗುಳಿಕಕಾಲದ ಗೊಡವೆ ಇಲ್ಲ. ಗಂಡೂ ಹೆಣ್ಣೂ ಸಮ ಸಮ ನಿಂತು, ತಮಗೆ ತಿಳಿಯುವ ಕನ್ನಡದಲ್ಲಿ, ಬಂದ ನೆಂಟರಿಷ್ಟರ ಎದುರು ಮಾತು ಕೊಡುವುದು. ಓದಿಸುವುದಕ್ಕೆ ಜಾತಿ ಬೇಡ, ಜನಿವಾರ ಬೇಡ. ಓದು ಬಂದರೆ ಸಾಕು, ಮನಸ್ಸು ಶುದ್ಧ ಇದ್ದರೆ ಸಾಕು. ಅಂದಿನಿಂದ ಈ ಪದ್ಧತಿ ನಾಡಿನ ಎಷ್ಟೋ ಮನೆಗಳಲ್ಲಿ ನಡೆದು ಬಂದಿದೆ. 1972ರಿಂದ ಧರ್ಮಸ್ಥಳದಲ್ಲಿ ನಡೆಯುತ್ತಿರುವ ಸಾಮೂಹಿಕ ವಿವಾಹ ಬೇರೆ ದಾರಿಯದು, ಶಾಸ್ತ್ರ ಬಿಡದ ದಾರಿ. ಆದರೂ ಅದರ ಉದ್ದೇಶವೂ ಬಡವನ ಕುತ್ತಿಗೆಗೆ ಸಾಲ ಬೀಳದಿರಲಿ ಎಂಬುದೇ.

ಸಾಲದ ಮಾತು ಈ ಸೀಮೆಗೆ ಬೇರೆ ಹೇಳಬೇಕಾಗಿಲ್ಲ. ರಾಗಿ ಬೆಳೆಯುವ, ರೇಷ್ಮೆ ಹುಳು ಸಾಕುವ ಸಂಸಾರಗಳು. ರಾತ್ರಿಯೆಲ್ಲ ಎದ್ದು ಹುಳುವಿಗೆ ಸೊಪ್ಪು ಹಾಕಿ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದವನು, ಮಗಳ ಮದುವೆಗೆ ರೇಷ್ಮೆ ಸೀರೆ ತರಲು ಬಡ್ಡಿ ಸಾಲ ಮಾಡುತ್ತಾನೆ! ಈಗ ಕೆಲವು ಕಡೆ ಮಂತ್ರ ಮಾಂಗಲ್ಯಕ್ಕೂ ಈ ರೋಗ ಹತ್ತಿದೆ. ಹೆಸರು ಸರಳ ವಿವಾಹ, ಖರ್ಚು ಅರಮನೆ ಮೈದಾನದ್ದು. ಕುವೆಂಪು ಫೋಟೋಕ್ಕೆ ಹಾರ ಹಾಕಿ, ಕುವೆಂಪು ಬೇಡ ಅಂದದ್ದನ್ನೆಲ್ಲ ಮಾಡುವುದು.

ಕಾನೂನು ಏನನ್ನುತ್ತದೆ?

ಮದುವೆ ಮಾಡಿಸುವವನು ಸುಮ್ಮನೆ ಶಾಲು ಹೊದಿಸಿಕೊಳ್ಳಲು ಬಂದವನಲ್ಲ ಎಂಬುದು ಅರ್ಥವಾಗುವುದು ಕಾನೂನು ನೋಡಿದಾಗ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಎನ್ನುತ್ತದೆ. ತುಂಬದೆ ಮದುವೆ ಮಾಡಿದರೆ ಅಪ್ಪ-ಅಮ್ಮನಿಗೆ ಮಾತ್ರ ಶಿಕ್ಷೆಯಲ್ಲ. ನಡೆಸಿಕೊಟ್ಟವನಿಗೂ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ವಯಸ್ಸಾಗಿದೆ ಎಂದು ನಂಬಲು ಸರಿಯಾದ ಕಾರಣ ಇತ್ತು ಅಂತ ಅವನೇ ರುಜುವಾತು ಮಾಡಬೇಕು. ‘ಅಯ್ಯೋ, ಕರೆದರು, ಹೋದೆ’ ಅಂದರೆ ನಡೆಯುವುದಿಲ್ಲ. 2016ರಲ್ಲಿ ಕರ್ನಾಟಕ ಮಾಡಿದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಹೀಗಿರುವಾಗ ಹೆಣ್ಣಿನ ಸ್ಕೂಲ್ ಸರ್ಟಿಫಿಕೇಟ್ ತೋರಿಸಿ ಎಂದು ಕೇಳುವ ಯಜಮಾನನನ್ನು, ಮೇಷ್ಟ್ರನ್ನು ಜನ ಏನಂತಾರೆ? ‘ಇವರೇನು ಪೊಲೀಸರಾ?’ ಅಂತಾರೆ. ‘ಆ ಊರಿನ ಇನ್ನೊಬ್ಬರು ಏನೂ ಕೇಳದೆ ಮಾಡಿಸ್ತಾರೆ’ ಅಂತಾರೆ. ಕೇಳಿದವನು ಕೆಟ್ಟವನು, ಕೇಳದವನು ದೊಡ್ಡ ಮನುಷ್ಯ! ಅಸಲಿಗೆ ಆ ಹುಡುಗಿಯ ಪಾಲಿಗೆ ಕಟ್ಟಕಡೆಯ ಬಾಗಿಲು ಅವನೇ. ಅಪ್ಪ ಒಪ್ಪಿದ, ಸೋದರಮಾವ ಒಪ್ಪಿದ, ಛತ್ರದವನು ಅಡ್ವಾನ್ಸ್ ತಗೊಂಡ. ಇನ್ನು ‘ಇಲ್ಲ’ ಅನ್ನಬಲ್ಲವನು ತಾಳಿಯ ತಟ್ಟೆ ಹಿಡಿದವನು ಒಬ್ಬನೇ.

ಇನ್ನೊಂದು ಸಂಗತಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು, ಗಂಡು ಅಥವಾ ಹೆಣ್ಣು ಯಾರಾದರೊಬ್ಬರ ಕಡೆಯ ರೂಢಿಯ ಶಾಸ್ತ್ರದಂತೆ ಮದುವೆ ನಡೆಯಬೇಕು ಎನ್ನುತ್ತದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇದನ್ನೇ ಒತ್ತಿ ಹೇಳಿತು. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದ ಜೋಡಿಯ ಮದುವೆ ಮದುವೆಯೇ ಅಲ್ಲ ಅಂದಿತು. ಮದುವೆ ಅಂದರೆ ಹಾಡು-ಕುಣಿತ, ಊಟ-ಕುಡಿತದ ಸಮಾರಂಭವಲ್ಲ ಎಂಬ ಮಾತನ್ನೂ ಸೇರಿಸಿತು. ಅಂದರೆ ಜಾತ್ರೆ ಎಷ್ಟೇ ಜೋರಾಗಿರಲಿ, ನಡುವಿನ ಆ ಹತ್ತು ನಿಮಿಷ ಸರಿಯಾಗಿ ನಡೆಯದಿದ್ದರೆ, ನಡೆದದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ, ನಾಳೆ ಕೋರ್ಟಿನಲ್ಲಿ ನಿಂತು ತೊಳಲಾಡುವವಳು ಯಾರು? ಹೆಣ್ಣೇ. ಜೀವನಾಂಶ ಕೇಳುವಾಗ, ಗಂಡನ ಪಾಲು ಕೇಳುವಾಗ, ಎದುರಿನ ವಕೀಲ ಎತ್ತುವ ಮೊದಲ ಪ್ರಶ್ನೆ, ‘ಮದುವೆ ಆಯಿತು ಅನ್ನುವುದಕ್ಕೆ ಏನಿದೆ?’

ಪಕ್ಕದ ಮನೆಯ ಪಾಠ

ಕನಕಪುರ ತಾಲ್ಲೂಕಿನ ಗಡಿ ದಾಟಿದರೆ ತಮಿಳುನಾಡು. ಅಲ್ಲಿ 1967ರಲ್ಲೇ, ಅಣ್ಣಾದುರೈ ಸರ್ಕಾರದ ಕಾಲದಲ್ಲಿ, ಇದೇ ಕಾಯ್ದೆಗೆ 7-ಎ ಎಂಬ ಕಲಮು ಸೇರಿಸಿದರು. ಪೆರಿಯಾರರ ಚಳವಳಿಯಿಂದ ಬಂದ ಸ್ವಾಭಿಮಾನದ ಮದುವೆಗಳು ಅದರಿಂದ ಸಿಂಧುವಾದವು. ನೆಂಟರೋ ಸ್ನೇಹಿತರೋ ಇರುವಾಗ, ತಿಳಿಯುವ ಭಾಷೆಯಲ್ಲಿ ‘ಇವರೇ ನನ್ನ ಗಂಡ, ಇವಳೇ ನನ್ನ ಹೆಂಡತಿ’ ಅಂದರೆ ಸಾಕು. ಇಲ್ಲವೇ ಹಾರ ಬದಲಾಯಿಸಿದರೂ ಸಾಕು, ಉಂಗುರ ತೊಡಿಸಿದರೂ ಸಾಕು, ತಾಳಿ ಕಟ್ಟಿದರೂ ಸಾಕು. ಪುರೋಹಿತ ಬೇಕೆಂಬ ಕಡ್ಡಾಯವಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಈ ಪದ್ಧತಿಯನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಅಂಥ ಕಲಮು ಇಲ್ಲ. ರಾಷ್ಟ್ರಕವಿಗಳೇ ರೂಪಿಸಿ, ಮಗನ ಮದುವೆಯಲ್ಲೇ ನಡೆಸಿ ತೋರಿಸಿದ ಪದ್ಧತಿಗೆ ಅವರ ಸ್ವಂತ ನಾಡಿನಲ್ಲೇ ಹೆಸರು ಹಿಡಿದು ಹೇಳುವ ಕಾನೂನಿನ ಬಲವಿಲ್ಲ. ವರ್ಷ ವರ್ಷ ಕುವೆಂಪು ಜಯಂತಿಗೆ ಭಾಷಣ ಬಿಗಿಯುವ ಮಹಾಶಯರಲ್ಲಿ ಒಬ್ಬರಿಗಾದರೂ ಇದು ನೆನಪಿಗೆ ಬರಬೇಡವೆ? ಬೆಂಗಳೂರಿನ ವಿಧಾನಸೌಧ ಕನಕಪುರಕ್ಕೆ ದೂರವೇನಲ್ಲ. ಅಧಿಕಾರವೂ ಈ ಸೀಮೆಗೆ ಅಪರಿಚಿತವಲ್ಲ. ಮದುವೆಗೆ ಬಂದು ಮೈಕು ಹಿಡಿಯುವ ನಾಯಕರು ಒಂದು ಸಲ ಸದನದಲ್ಲಿ ಈ ವಿಚಾರಕ್ಕೂ ಮೈಕು ಹಿಡಿಯಲಿ.

ಏನು ಮಾಡಬೇಕು?

ಕಾನೂನು ಬರುವವರೆಗೆ ಊರವರು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯದು, ಮದುವೆ ಮಾಡಿಸಲು ಒಪ್ಪುವ ಮುಂಚೆಯೇ ಇಬ್ಬರ ವಯಸ್ಸಿನ ದಾಖಲೆ ನೋಡುವುದು. ನೆಂಟಸ್ತಿಕೆ, ದಾಕ್ಷಿಣ್ಯ ಎಲ್ಲ ಆಮೇಲೆ. ಅನುಮಾನ ಬಂದರೆ 1098ಕ್ಕೆ ಒಂದು ಫೋನು.

ಎರಡನೆಯದು, ಮದುವೆಗೆ ಮುಂಚೆ ಹುಡುಗಿಯನ್ನು ಬೇರೆಯಾಗಿ ಕೂರಿಸಿ ‘ಒಪ್ಪಿಗೆ ಇದೆಯೇನವ್ವಾ?’ ಎಂದು ಕೇಳುವುದು. ಸಭೆಯಲ್ಲಿ ತಲೆ ತಗ್ಗಿಸಿದ್ದನ್ನೇ ಒಪ್ಪಿಗೆ ಅಂತ ತಿಳಿದು ಕೆಟ್ಟ ಸಂಸಾರಗಳು ಕಡಿಮೆಯೇ?

ಮೂರನೆಯದು, ಮಂತ್ರ ಮಾಂಗಲ್ಯದವರೂ ಮನೆಯ ರೂಢಿಯ ಮುಖ್ಯ ಶಾಸ್ತ್ರವನ್ನು, ಧಾರೆಯನ್ನೋ ತಾಳಿಯನ್ನೋ, ನಾಲ್ಕು ಜನರ ಮುಂದೆ ಸ್ಪಷ್ಟವಾಗಿ ನಡೆಸಿ ಫೋಟೋ ಇಟ್ಟುಕೊಳ್ಳುವುದು. ಶಾಸ್ತ್ರವೇ ಬೇಡ ಅನ್ನುವವರಿಗೆ, ಜಾತಿ ಬೇರೆಯಾಗಿ ರೂಢಿಯ ಜಗಳ ಬರುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನದ ನೋಟಿಸು, ವಿವಾಹಾಧಿಕಾರಿ, ಮೂವರು ಸಾಕ್ಷಿಗಳು. ಹಬ್ಬ ಬೇಕಾದರೆ ಅದಾದ ಮೇಲೆ ಊರಲ್ಲಿ ಮಾಡಿಕೊಳ್ಳಲಿ, ಬೇಡ ಅಂದವರು ಯಾರು?

ನಾಲ್ಕನೆಯದು, ರಿಜಿಸ್ಟ್ರೇಷನ್. 1976ರ ಕರ್ನಾಟಕ ಕಾಯ್ದೆ ಇದೆ, 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶವೂ ಆಗಿದೆ. ಆದರೂ ಪಾಸ್‌ಪೋರ್ಟ್ ಬೇಕಾದಾಗ, ಇಲ್ಲವೇ ಜಗಳ ಬಂದಾಗ ಮಾತ್ರ ಜನಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿ ನೆನಪಾಗುತ್ತದೆ. ಬೀಗರ ಊಟದ ದಿನಾಂಕ ಗೊತ್ತು ಮಾಡುವಾಗಲೇ ರಿಜಿಸ್ಟ್ರೇಷನ್ನಿನ ದಿನಾಂಕವನ್ನೂ ಗೊತ್ತು ಮಾಡಲಿ.

ಕೊನೆಯದು ಅತಿ ಸುಲಭದ್ದು, ಅತಿ ಕಷ್ಟದ್ದು: ಹತ್ತು ನಿಮಿಷದ ಮೌನ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ನೇ ಇಸವಿಯಿಂದಲೂ ಇದೆ, ಅದನ್ನೇ ಕೇಳುವವರಿಲ್ಲ. ಆದರೆ ಈ ಹತ್ತು ನಿಮಿಷಕ್ಕೆ ಸರ್ಕಾರದ ನಿಯಮ ಬೇಕಾಗಿಲ್ಲ, ಗಂಡಿನ ಕಡೆ ಹೆಣ್ಣಿನ ಕಡೆ ಇಬ್ಬರು ಹಿರಿಯರು ಎದ್ದು ನಿಂತರೆ ಸಾಕು. ಡಿ.ಜೆ. ನಿಲ್ಲಲಿ, ಎಲೆ ಹಾಕುವುದು ನಿಲ್ಲಲಿ, ಫೋಟೋದವನು ಹಿಂದಕ್ಕೆ ಸರಿಯಲಿ. ಪುಢಾರಿಗಳು ಬಂದರೆ ಅವರೂ ಎಲ್ಲರ ಜೊತೆ ಕುರ್ಚಿಯಲ್ಲಿ ಕೂತು ಕೇಳಲಿ.

‘ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೆ ಹಬ್ಬದ ಮಜಾ ಹೋಗುತ್ತದಲ್ಲ’ ಎನ್ನುವವರು ಇದ್ದಾರೆ. ಜಾತ್ರೆಯಲ್ಲೂ ತೇರು ಹರಿಯುವ ಹೊತ್ತಿಗೆ ಬೆಂಡು-ಬತ್ತಾಸಿನ ಅಂಗಡಿಯವನು ಕೂಡ ಎದ್ದು ನಿಂತು ಕೈ ಮುಗಿಯುತ್ತಾನೆ. ಅದರಿಂದ ಜಾತ್ರೆಯ ಮಜಾ ಯಾವತ್ತಾದರೂ ಹೋಗಿದೆಯೆ? ಮದುವೆಯಲ್ಲಿ ತೇರು ಅಂದರೆ ಆ ಇಬ್ಬರು ಕೊಡುವ ಮಾತು. ಅದು ಹರಿಯಲಿ, ಆಮೇಲೆ ಎಷ್ಟು ಬೇಕಾದರೂ ಕುಣಿಯಿರಿ.