ಹೆಜ್ಜೆ ತೋರದ ಅಂಕಿಗಳು

ಹಳಗನ್ನಡ ಕಾವ್ಯಗಳ ಶಬ್ದಸಂಪತ್ತನ್ನು ಗಣಕದಿಂದ ಎಣಿಸಿ, ತತ್ಸಮಗಳು ಶೇಕಡ ಇಷ್ಟು, ದೇಶ್ಯಗಳು ಶೇಕಡ ಇಷ್ಟು ಎಂದು ಕೋಷ್ಟಕ ಹಾಕುವ ಪ್ರಬಂಧಗಳು ಈಗ ಬರತೊಡಗಿವೆ. ಎಣಿಸುವುದು ತಪ್ಪಲ್ಲ, ಎಣಿಸಿದ ಬಗೆಯನ್ನು ಮುಚ್ಚಿಡುವುದು ತಪ್ಪು. ‘ಪೈಥಾನ್ ಬಳಸಿ ವಿಶ್ಲೇಷಿಸಲಾಗಿದೆ’ ಎಂಬ ಒಂದು ವಾಕ್ಯವನ್ನೇ ವಿಧಾನವೆಂದು ಒಪ್ಪುವ ಮಾರ್ಗದರ್ಶಕರು, ಹಸ್ತಪ್ರತಿಗಳ ವಿವರವಿಲ್ಲದ ಗ್ರಂಥಸಂಪಾದನೆಯನ್ನು ಒಪ್ಪುವರೆ? ಅಲ್ಲಿ ಯಾವ ಓಲೆ, ಯಾವ ಪಾಠಾಂತರ, ಯಾವುದನ್ನು ಏಕೆ ಕೈಬಿಟ್ಟಿರಿ ಎಂದು ಕೇಳುತ್ತೇವೆ. ಅಂಕಿಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ.

ಅಂಕಿಯೊಳಗೆ ಏನೇನು ಅಡಗಿರಬಲ್ಲದೆಂಬುದನ್ನು ನೋಡಿ. ಪೈಥಾನಿನ ಜೊತೆಗೇ ಬರುವ ರೆಜೆಕ್ಸ್ ಸೌಲಭ್ಯದಲ್ಲಿ ಪದಗಳನ್ನು ಹೆಕ್ಕುವ ರೂಢಿಯ ಸೂತ್ರವು ನಮ್ಮ ಸ್ವರಚಿಹ್ನೆಗಳನ್ನೂ ಹಲಂತಚಿಹ್ನೆಯನ್ನೂ ಅಕ್ಷರಗಳೆಂದು ಗಣಿಸುವುದಿಲ್ಲ. ಅವು ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. ‘ಕನ್ನಡ’ ಎಂಬ ಒಂದು ಪದ ‘ಕನ’, ‘ನಡ’ ಎಂಬ ಎರಡು ಪದಗಳಾಗುತ್ತದೆ. ಯಂತ್ರ ಯಾವ ದೋಷವನ್ನೂ ಸೂಚಿಸದು. ಕೋಷ್ಟಕ ಚೆಲುವಾಗಿಯೇ ಬರುತ್ತದೆ! ಇನ್ನು ಪಠ್ಯವನ್ನು ಗಣಕಕ್ಕೆ ಏರಿಸುವಾಗ ೞಕಾರವನ್ನು ಳಕಾರ ಮಾಡಿದ್ದರೆ, ಖಡ್ಗವಾಚಿಯಾದ ‘ಬಾಳ್’, ಜೀವಿಸು ಎಂಬರ್ಥದ ‘ಬಾೞ್’ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಸಂಧಿಯನ್ನು ಬಿಡಿಸಿದರೋ ಇಲ್ಲವೋ, ದೀರ್ಘಸಮಾಸವನ್ನು ಒಂದು ಪದವೆಂದರೋ ನಾಲ್ಕೆಂದರೋ? ಇವೆಲ್ಲ ಸಂಶೋಧಕನ ನಿರ್ಣಯಗಳು. ಶೇಕಡಾವಾರು ಅವುಗಳ ಫಲ ಮಾತ್ರ.

ಈ ನಿರ್ಣಯಗಳನ್ನು ಓದುಗನೆದುರು ಬಿಚ್ಚಿಡಲು ಸಾಧನವಿದೆ. 2014ರಲ್ಲಿ ಐಪೈಥಾನ್‌ನಿಂದ ಕವಲೊಡೆದ ಜುಪಿಟರ್ ನೋಟ್‌ಬುಕ್‌ನಲ್ಲಿ ವಿವರಣೆಯ ಗದ್ಯ, ಕೋಡ್, ಅದರ ಫಲಿತ ಒಂದರ ಕೆಳಗೊಂದು ನಿಲ್ಲುತ್ತವೆ. ಅದು ಮುಕ್ತ ತಂತ್ರಾಂಶ. ಹಣದ ನೆಪ ನಡೆಯದು.

ಆದರೆ ನೋಟ್‌ಬುಕ್ಕನ್ನು ಅಲಂಕಾರಕ್ಕೆ ಲಗತ್ತಿಸುವುದೂ ಬೇಡ. ಅದರ ಸೆಲ್‌ಗಳನ್ನು ಯಾವ ಕ್ರಮದಲ್ಲಾದರೂ ಓಡಿಸಬಹುದು. ಅಳಿಸಿದ ಸೆಲ್ಲಿನ ಬೆಲೆಯೂ ಸ್ಮೃತಿಯಲ್ಲಿ ಉಳಿದು ಫಲಿತವನ್ನು ಕೆಡಿಸಬಲ್ಲದು. ಗಿಟ್‌ಹಬ್‌ನಲ್ಲಿದ್ದ ಸುಮಾರು 14 ಲಕ್ಷ ನೋಟ್‌ಬುಕ್‌ಗಳನ್ನು ಕುರಿತ 2019ರ ಅಧ್ಯಯನವೊಂದರಲ್ಲಿ, ಮರಳಿ ಓಡಿಸಲು ತಕ್ಕವೆಂದು ಆರಿಸಿದವುಗಳ ಪೈಕಿ ದೋಷವಿಲ್ಲದೆ ಓಡಿದವು ಶೇ. 24ರಷ್ಟು, ಮೊದಲಿನ ಫಲಿತವನ್ನೇ ಕೊಟ್ಟವು ಶೇ. 4ರಷ್ಟು. ಆದುದರಿಂದ ಸಲ್ಲಿಸುವ ಮೊದಲು ಎಲ್ಲವನ್ನೂ ಅಳಿಸಿ, ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓಡಿಸಬೇಕು. ಬಳಸಿದ ತಂತ್ರಾಂಶದ ಆವೃತ್ತಿ, ಪಠ್ಯದ ಮುದ್ರಣ ಯಾವುದೆಂಬುದು ಮೊದಲ ಸೆಲ್ಲಿನಲ್ಲೇ ಇರಬೇಕು.

ಸಾಹಿತ್ಯದವರಿಗೆ ಕೋಡಿನ ಗೊಡವೆ ಏಕೆಂಬ ಆಕ್ಷೇಪ ಸೋಮಾರಿತನದ್ದು. ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸಬಲ್ಲವನು ಇಪ್ಪತ್ತು ಸಾಲಿನ ಪೈಥಾನನ್ನು ಓದಲಾರನೆ? ಓದಲೊಲ್ಲದವನು ಕೋಷ್ಟಕವನ್ನೂ ಹಾಕದಿರಲಿ.

ಸಂಪಾದಿತ ಪಠ್ಯದ ಹಕ್ಕು ಬೇರೆಯವರದು, ಹಂಚಲಾಗದು ಎಂಬ ತೊಡಕೊಂದು ಮಾತ್ರ ನಿಜವಾದುದು. ಹಾಗಿದ್ದಲ್ಲಿ ಪಠ್ಯವನ್ನು ಬಿಟ್ಟು ನೋಟ್‌ಬುಕ್ಕನ್ನೂ ಪದಪಟ್ಟಿಯನ್ನೂ ಕೊಡಲಿ; ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರೆದುರೇ ಮೊದಲ ಸೆಲ್ಲಿನಿಂದ ಓಡಿಸಿ ತೋರಿಸಲಿ.