ಉಳಿ-ಸುತ್ತಿಗೆ ಬಿಡಿ, ನಟ್ಟಿಗೆ ತಕ್ಕ ಪಾನಾ ಮಾಡಿಕೊಳ್ಳಿ

ಚಾಮರಾಜಪೇಟೆಯ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ವೈಸ್, ಒಂದು ಗ್ರೈಂಡರ್, ನಾಲ್ಕಾರು ಅರ ಇವೆ. ಅಷ್ಟರಲ್ಲೇ ಅಂಗಡಿಯಲ್ಲಿ ಸಿಗದ ಪಾನಾ ಮಾಡ್ತೀನಿ. ಈ ಕೆಲಸವನ್ನು ಊರಿಗೊಬ್ಬ ಯುವ ರೈತನಾದರೂ ಕಲಿಯಬೇಕು ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂದ್ರೆ, ಯಂತ್ರ ಕೆಡೋದು ಭೂಮಿ ಹದಕ್ಕೆ ಬಂದಾಗಲೇ. ಅಂಚಿನಲ್ಲಿ ನಾಲ್ಕು ಕಚ್ಚಿರುವ ದುಂಡು ನಟ್ ನೋಡಿರ್ತೀರಿ. ಬೈಕಿನ ಕ್ಲಚ್ಚಿನಲ್ಲಿ, ಬೇರಿಂಗ್ ಹಿಡಿದಿಡುವ ಶಾಫ್ಟುಗಳಲ್ಲಿ ಇರುತ್ತೆ. ಸಾಮಾನ್ಯ ಸ್ಪ್ಯಾನರ್ ಅದಕ್ಕೆ ಹಿಡಿಯಲ್ಲ. ಉಳಿ ಇಟ್ಟು ಹೊಡೆದರೆ ಕಚ್ಚು ಹಾಳಾಗುತ್ತೆ, ಪೆಟ್ಟು ಬೇರಿಂಗಿಗೂ ಬೀಳುತ್ತೆ.

ಮಾಡೋದು ಹೀಗೆ. ನಟ್ಟಿನ ಹೊರ ಅಳತೆ, ಕಚ್ಚಿನ ಅಗಲ, ಆಳ ಮೂರನ್ನೂ ವರ್ನಿಯರ್‌ನಲ್ಲಿ ಅಳೆಯಿರಿ. ಅದೇ ಅಳತೆಯ ಹಳೇ ಸಾಕೆಟ್ಟಿನ ತುದಿಯಲ್ಲಿ ನಾಲ್ಕು ಹಲ್ಲು ಗುರುತಿಸಿ, ಮಿಕ್ಕಿದ್ದನ್ನು ಗ್ರೈಂಡರ್‌ನಲ್ಲಿ ತೆಗೆಯಿರಿ. ತೀರಾ ಬಿಸಿಯಾದರೆ ಹದ ಇಳಿಯುತ್ತೆ, ಆಗಾಗ ನೀರಿಗೆ ಅದ್ದಿ. ಕೊನೇ ಅಳತೆಗೆ ಅರದಿಂದಲೇ ತನ್ನಿ. ಹಲ್ಲು ಕಚ್ಚಿನಲ್ಲಿ ಅಲ್ಲಾಡಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ. ಬಿಚ್ಚುವ ಮೊದಲು ಲಾಕ್ ವಾಷರ್‌ನ ನಾಲಗೆ ಎತ್ತಿ. ಎಡ ಥ್ರೆಡ್ ಇದೆಯಾ ನೋಡಿ.

ಹಳೇ ಅರದಿಂದ ವಿಚಿತ್ರ ತಲೆಯ ಸ್ಕ್ರೂಗೆ ಡ್ರೈವರ್ ಮಾಡೋದಾದರೆ, ಕೆಂಪಗೆ ಕಾಯಿಸಿ ಬೂದಿಯಲ್ಲಿ ನಿಧಾನ ಆರಿಸಿ, ಮೆತ್ತಗಾಗುತ್ತೆ. ರೂಪ ಕೊಟ್ಟ ಮೇಲೆ ಅಯಸ್ಕಾಂತ ಅಂಟದಷ್ಟು ಕಾಯಿಸಿ ಎಣ್ಣೆಗೆ ಅದ್ದಿ. ಅಲ್ಲಿಗೇ ನಿಲ್ಲಿಸಿದರೆ ಗಾಜಿನಂತೆ ಒಡೆಯುತ್ತೆ. ಉಜ್ಜಿ ಹೊಳಪು ಮಾಡಿ, ನೇರಳೆ-ನೀಲಿ ಬಣ್ಣ ಬರೋವರೆಗೆ ಮತ್ತೆ ಮೆಲ್ಲಗೆ ಕಾಯಿಸಿ. ಊರಲ್ಲಿ ಕುಲುಮೆ ಇದ್ದರೆ ಕಮ್ಮಾರರನ್ನೇ ಕೇಳಿ, ಈ ಹದ ಅವರಿಗೆ ಗೊತ್ತು. ಜಿಐ ಪೈಪ್ ಮಾತ್ರ ಕಾಯಿಸಬೇಡಿ, ಸತುವಿನ ಹೊಗೆ ಕೆಟ್ಟದ್ದು.

"ಪಾನಾ ಕಂಪನಿಯವರೇ ಕೊಡಬೇಕಲ್ವಾ?" ಅಂತೀರಿ. ಖಂಡಿತ ಕೊಡಬೇಕು. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು. ಕೃಷಿ ಯಂತ್ರಗಳೂ ಅದರ ಪಟ್ಟಿಯಲ್ಲಿವೆ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ರೈತರಿಗಾಗಿ ಕಾನೂನನ್ನೇ ತಂದಿತು. ನಾವೂ ಕೇಳುತ್ತಲೇ ಇರೋಣ. ಆದರೆ ಮಳೆ ಕಾಯಲ್ಲ. ವಾರಂಟಿ ಇರುವ ಯಂತ್ರ ಮುಟ್ಟಬೇಡಿ. ಮುಗಿದ ಮೇಲೆ ಅದು ನಿಮ್ಮದೇ.

ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಸುತ್ತಿ ಹಳೇ ಸಾಕೆಟ್ ಹುಡುಕಿ. ಮಾಡಿದ ಪಾನಾದ ಫೋಟೊ, ಅಳತೆ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ. ಒಂದು ಪಾನಾ ಹತ್ತು ಮನೆಗೆ ಆಗುತ್ತೆ.